ಗ್ಯಾಸ್ ತುಂಬಿಸಿದ್ದಕ್ಕೆ ರಿಪೇರಿ ಅನ್ನಬೇಡಿ

ಹೋದ ಮೇ ತಿಂಗಳ ಮಾತು. ನಮ್ಮ ಓಣಿಯ ಆಯಿಯನ್ನು ಡಯಾಲಿಸಿಸ್‌ಗೆ ಕಲಬುರಗಿಗೆ ಕರೆದುಕೊಂಡು ಹೋಗುವ ಪಾಳಿ ಅವತ್ತು ನಮ್ಮದಿತ್ತು. ನಾವು ನಾಲ್ವರು ದುಡ್ಡು ಕೂಡಿಸಿ ಕೊಂಡ ಸೆಕೆಂಡ್ ಹ್ಯಾಂಡ್ ಸಣ್ಣ ಕಾರು, 2009ರ ಮಾಡೆಲ್. ಸುದ್ದಿಗಾಗಿ ಹಳ್ಳಿ ತಿರುಗಲು ತಗೊಂಡಿದ್ದು, ಈಗ ಓಣಿಗೆಲ್ಲ ಅದೇ ಆಂಬುಲೆನ್ಸ್. ವಾಪಸ್ ಬರುವಾಗ ಮಧ್ಯಾಹ್ನ ರೈಲ್ವೆ ಗೇಟು ಬಿತ್ತು. ಓಡುವಾಗ ಅಷ್ಟಿಷ್ಟು ತಣ್ಣಗಿದ್ದ ಎಸಿ, ನಿಂತ ಐದು ನಿಮಿಷಕ್ಕೆ ಬಿಸಿ ಗಾಳಿ ಬಿಡತೊಡಗಿತು. ಆಯಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿಬಿಟ್ಟರು. ಡಯಾಲಿಸಿಸ್ ಆದ ಮೇಲೆ ಬಿಪಿ ಇಳಿದಿರುತ್ತದೆ. ಬಾಯಾರಿತು ಅಂತ ಬೇಕಾದಷ್ಟು ನೀರು ಕೊಡುವ ಹಾಗೂ ಇಲ್ಲ. ಕಾರಿನ ಎಸಿ ಶೋಕಿ ಅನ್ನುವವರು ಆ ಗೇಟಿನಲ್ಲಿ ನಮ್ಮ ಜೊತೆ ಇರಬೇಕಿತ್ತು.

ಸಿಟ್ಟು ಬಂದಿದ್ದು ಬಿಸಿಲಿನ ಮೇಲಲ್ಲ. ಆ ಎಸಿಗೆ ನಾವು ಎರಡು ಬೇಸಿಗೆಯಲ್ಲಿ ಎರಡು ಸಲ 'ರಿಪೇರಿ' ಮಾಡಿಸಿದ್ದೆವು. ಎರಡೂ ಸಲ ಗ್ಯಾರೇಜಿನವರು ಬಾನೆಟ್ ಎತ್ತಿದರು, ಪೈಪ್ ಮುಟ್ಟಿ ನೋಡಿದರು, "ಗ್ಯಾಸ್ ಕಮ್ಮಿ ಆಗ್ಯಾದ್ರಿ ಅಣ್ಣಾರ, ತುಂಬಿಸಿಬಿಡೂಣು" ಅಂದರು. ತುಂಬಿದರು. ಮೊದಲ ಸಲ ಒಂದು ತಿಂಗಳು ಚೆನ್ನಾಗಿ ನಡೆಯಿತು. ಎರಡನೇ ಸಲ ಒಂದು ವಾರವೂ ಇಲ್ಲ.

ಇಲ್ಲೇ ನಮ್ಮ ತಕರಾರು. ಎಸಿ ಗ್ಯಾಸ್ ಅಂದರೆ ಪೆಟ್ರೋಲ್ ಅಲ್ಲ, ಓಡಿದಷ್ಟೂ ಖರ್ಚಾಗುವುದಕ್ಕೆ. ಅದು ಮುಚ್ಚಿದ ಪೈಪುಗಳ ಒಳಗೇ ಸುತ್ತುತ್ತಿರುತ್ತದೆ. ಕಂಪ್ರೆಸರ್ ಒತ್ತುತ್ತದೆ, ಗ್ಯಾಸ್ ಕಾಯುತ್ತದೆ. ರೇಡಿಯೇಟರ್ ಮುಂದೆ ಜಾಳಿಗೆಯಂತೆ ಕಾಣುವ ಕಂಡೆನ್ಸರ್‌ನಲ್ಲಿ ಆ ಶಾಖ ಹೊರಗೆ ಹೋಗಿ ಗ್ಯಾಸ್ ದ್ರವವಾಗುತ್ತದೆ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಆ ದ್ರವ ಮತ್ತೆ ಆವಿಯಾಗುವಾಗ ಕಾರಿನೊಳಗಿನ ಬಿಸಿಯನ್ನು ಹೀರುತ್ತದೆ. ಹಳೇ ಕಾರಿನ ರಬ್ಬರ್ ಪೈಪಿನಿಂದ ವರ್ಷಗಟ್ಟಲೆಯಲ್ಲಿ ಚೂರು ಸೋರುವುದು ಸಹಜ. ಆದರೆ ಪ್ರತಿ ಬೇಸಿಗೆಗೆ ಖಾಲಿ ಆಗುತ್ತದೆ ಅಂದರೆ ಎಲ್ಲೋ ತೂತಿದೆ. ತೂತು ಮುಚ್ಚದೆ ಕೊಡಕ್ಕೆ ನೀರು ತುಂಬಿಸಿ ದುಡ್ಡು ತಗೊಂಡರೆ ಅದನ್ನು ರಿಪೇರಿ ಅನ್ನುತ್ತೇವೆಯೇ?

ಗೇಟಿನ ಘಟನೆ ಆದ ಮೇಲೆ ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು ಗ್ಯಾಸ್ ಬಗ್ಗೆ ಅಲ್ಲ. "ಓಡುವಾಗ ತಂಪು, ನಿಂತಾಗ ಬಿಸಿ ಏನ್ರಿ?" ಹೌದು ಅಂದೆವು. ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿ, ಗ್ರಿಲ್ ಮೂಲಕ ಕಂಡೆನ್ಸರ್ ಮೇಲೆ ಎರಡು ತಂಬಿಗೆ ನೀರು ಸುರಿದರು. ಒಂದೇ ನಿಮಿಷದಲ್ಲಿ ಒಳಗೆ ತಣ್ಣನೆ ಗಾಳಿ! ಕಂಡೆನ್ಸರ್‌ನ ಫ್ಯಾನ್ ತಿರುಗುತ್ತಲೇ ಇರಲಿಲ್ಲ. ನಮ್ಮ ಕಾರಿನಲ್ಲಿ ರೇಡಿಯೇಟರ್‌ಗೆ ಬೇರೆ ಫ್ಯಾನ್ ಇದೆ, ಹಾಗಾಗಿ ಎಂಜಿನ್ ಕಾಯುತ್ತಿರಲಿಲ್ಲ, ನಮಗೂ ಅನುಮಾನ ಬಂದಿರಲಿಲ್ಲ. ಓಡುವಾಗ ಎದುರು ಗಾಳಿಯೇ ಫ್ಯಾನಿನ ಕೆಲಸ ಮಾಡುತ್ತಿತ್ತು. ಕಂಡೆನ್ಸರ್ ತುಂಬ ತೊಗರಿ ಹೊಟ್ಟು, ಹತ್ತಿಯ ಎಳೆ, ಕರಿಮಣ್ಣಿನ ಧೂಳು ಮೆತ್ತಿಕೊಂಡಿತ್ತು. ರಾಶಿ ಮಾಡುವ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಓಡಾಡಿದ ಯಾವ ಗಾಡಿ ನೋಡಿದರೂ ಇದೇ ಕಥೆ.

ಆಮೇಲೆ ಎರಡು ಗೇಜು ಹಚ್ಚಿ ನೋಡಿದರು. ಪ್ರೆಷರ್ ಎರಡೂ ಕಡೆ ಜಾಸ್ತಿ. ಫ್ಯಾನ್ ಇಲ್ಲದ್ದು ಒಂದು ಕಾರಣ, ಹಿಂದಿನವರು ಅಂದಾಜಿನ ಮೇಲೆ ಹೆಚ್ಚು ಗ್ಯಾಸ್ ತುಂಬಿದ್ದು ಇನ್ನೊಂದು. ಗ್ಯಾಸ್ ಕಮ್ಮಿಯಾದರೂ ತಂಪಾಗುವುದಿಲ್ಲ, ಹೆಚ್ಚಾದರೂ ಆಗುವುದಿಲ್ಲ ಅನ್ನುವುದು ನಮಗೆ ಅವತ್ತೇ ಗೊತ್ತಾಗಿದ್ದು. ಒಂದು ಪೈಪಿನ ಜಾಯಿಂಟ್ ಸುತ್ತ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಅಂಟಿತ್ತು. ಗ್ಯಾಸ್ ಜೊತೆಗೇ ಕಂಪ್ರೆಸರ್ ಎಣ್ಣೆಯೂ ಸುತ್ತುವುದರಿಂದ ಸೋರುವ ಕಡೆ ಹೀಗೆ ಜಿಡ್ಡು ನಿಲ್ಲುತ್ತದೆ. ಸೋಪಿನ ನೀರು ಹಚ್ಚಿದರು, ಗುಳ್ಳೆ ಎದ್ದಿತು. ಸವೆದಿದ್ದು ಒಂದು ರಬ್ಬರ್ ರಿಂಗು. ಅಷ್ಟಕ್ಕೆ ಎರಡು ಬೇಸಿಗೆ!

ಹಾಗಂತ ಎಲ್ಲ ತಪ್ಪನ್ನೂ ಗ್ಯಾರೇಜಿನವರ ತಲೆಗೆ ಕಟ್ಟುವುದು ನ್ಯಾಯವಲ್ಲ. ನಾವು ಹೋಗಿ ಕೇಳಿದ್ದೇ "ಎಸಿ ಗ್ಯಾಸ್ ತುಂಬಿಸ್ರಿ" ಅಂತ. ಸೋರಿಕೆ ಹುಡುಕಲು ಅರ್ಧ ದಿನ ಹಿಡಿದರೆ ಅದಕ್ಕೆ ಕೂಲಿ ಕೊಡಲು ಯಾರೂ ತಯಾರಿಲ್ಲ. "ಬರೇ ನೋಡಿದ್ದಕ್ಕ ರೊಕ್ಕ ಯಾಕ್ರಿ" ಅಂತ ಜಗಳಕ್ಕೆ ನಿಲ್ಲುತ್ತೇವೆ. ಗ್ಯಾಸ್ ತುಂಬಿದರೆ ಮಾತ್ರ ದುಡ್ಡು ಅಂತಾದರೆ ಅವರು ಗ್ಯಾಸನ್ನೇ ತುಂಬುತ್ತಾರೆ. ಹುಡುಕುವ ಕೆಲಸಕ್ಕೆ ಬೇರೆ ಕೂಲಿ ಕೊಡುವುದನ್ನು ನಾವು ಕಲಿಯಬೇಕು ಅನ್ನುವುದು ನಮ್ಮ ವಾದ. ಆದರೆ ಆ ಕೂಲಿ ಕೊಟ್ಟ ಮೇಲೆ ನಾಲ್ಕು ಪ್ರಶ್ನೆ ಕೇಳುವ ಹಕ್ಕೂ ನಮ್ಮದೇ. ಎಲ್ಲಿ ಸೋರುತ್ತಿತ್ತು? ತುಂಬುವ ಮೊದಲು ವ್ಯಾಕ್ಯೂಮ್ ಪಂಪ್ ಹಚ್ಚಿದಿರಾ, ಎಷ್ಟು ಹೊತ್ತು? ಯಾವ ಗ್ಯಾಸ್? ಎಷ್ಟು ಗ್ರಾಂ?

ವ್ಯಾಕ್ಯೂಮ್ ಬಗ್ಗೆ ಯಾಕೆ ಇಷ್ಟು ಹಟ ಅಂದರೆ, ಪೈಪ್ ಬಿಚ್ಚಿದಾಗ ಒಳಗೆ ಹೋದ ಗಾಳಿ ಮತ್ತು ತೇವವನ್ನು ಎಳೆದು ತೆಗೆಯುವುದು ಅದೇ. ಅರ್ಧ ಗಂಟೆಯಾದರೂ ಓಡಬೇಕು. ನಿಲ್ಲಿಸಿದ ಮೇಲೆ ಮುಳ್ಳು ಅಲ್ಲೇ ನಿಂತರೆ ದೊಡ್ಡ ಸೋರಿಕೆ ಇಲ್ಲ ಅಂತ ಸಾಕ್ಷಿ. ತೇವ ಉಳಿದರೆ ಒಳಗೇ ಮಂಜುಗಟ್ಟಿ ದಾರಿ ಕಟ್ಟುತ್ತದೆ, ಎಣ್ಣೆಯನ್ನೂ ಕೆಡಿಸುತ್ತದೆ. ಇನ್ನು ಗ್ರಾಂ ಲೆಕ್ಕ: ಬಾನೆಟ್ ಒಳಗೆ ಒಂದು ಸ್ಟಿಕ್ಕರ್ ಇರುತ್ತದೆ, ನಮ್ಮ ಕಾಲದ ಕಾರುಗಳಲ್ಲಿ ಆರ್-134ಎ ಅಂತ ಗ್ಯಾಸಿನ ಹೆಸರು, ಮುಂದೆ ಎಷ್ಟು ಗ್ರಾಂ ಅಂತ ಬರೆದಿರುತ್ತದೆ. ಸಣ್ಣ ಕಾರಿಗೆ ಅರ್ಧ ಕಿಲೋ ಆಸುಪಾಸು ಸಾಕು. ತೂಕ ಮಾಡಿ ತುಂಬುವವರ ಹತ್ತಿರವೇ ಹೋಗಿ. ಹಳೇ ಗ್ಯಾಸನ್ನು ಬುಸ್ಸೆಂದು ಗಾಳಿಗೆ ಬಿಡುವವರನ್ನು ತಡೆಯಿರಿ. ಒಂದು ಕಿಲೋ ಆರ್-134ಎ, ಸಾವಿರ ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಬಿಸಿಲು ಜಾಸ್ತಿ ಆಯಿತೆಂದು ಗೋಳಾಡುವ ನಾವೇ ಇದನ್ನು ಬಿಟ್ಟುಕೊಂಡು ನಿಂತರೆ ಹೇಗೆ?

ಗ್ಯಾರೇಜಿಗೆ ಹೋಗುವ ಮೊದಲು ನೀವೇ ಮನೆ ಮುಂದೆ ನೋಡಬಹುದಾದ್ದೂ ಇದೆ. ಗಾಳಿ ಜೋರಾಗಿ ಬರುತ್ತಿದೆ ಆದರೆ ತಣ್ಣಗಿಲ್ಲ ಅನ್ನುವುದು ಒಂದು ತೊಂದರೆ, ಗಾಳಿಯೇ ಬರುತ್ತಿಲ್ಲ ಅನ್ನುವುದು ಬೇರೆಯದೇ ತೊಂದರೆ. ಎರಡನೆಯದಕ್ಕೆ ಗ್ಯಾಸ್ ಬಹುಪಾಲು ಕಾರಣವಲ್ಲ. ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಕಟ್ಟಿರುತ್ತದೆ. ಎಷ್ಟೋ ಹಳೇ ಕಾರುಗಳಿಗೆ ಆ ಫಿಲ್ಟರೇ ಇಲ್ಲ, ಧೂಳೆಲ್ಲ ನೇರ ಕೂಲಿಂಗ್ ಕಾಯಿಲ್‌ಗೆ ಹೋಗಿ ಕೂರುತ್ತದೆ. ಮೊದಲು ತಣ್ಣಗಿದ್ದು ಅರ್ಧ ಗಂಟೆಗೆ ಗಾಳಿ ಸಣ್ಣದಾಗಿ, ಎಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಸರಿಹೋಗುತ್ತದೆ ಅಂದರೆ ಕಾಯಿಲ್ ಮೇಲೆ ಮಂಜುಗಟ್ಟುತ್ತಿದೆ. ಎಸಿ ಒತ್ತಿದಾಗ ಕಂಪ್ರೆಸರ್ ಕಡೆಯಿಂದ 'ಟಕ್' ಶಬ್ದ ಬರದಿದ್ದರೆ ಫ್ಯೂಸ್, ರಿಲೇ ಮೊದಲು ನೋಡಿಸಿ. ಹೊರಗಿನ ಗಾಳಿ ಎಳೆಯುವ ಲಿವರ್ ಹಾಗೇ ಉಳಿದಿದ್ದರೆ 42 ಡಿಗ್ರಿಯ ಗಾಳಿಯನ್ನೇ ಪಾಪ ಆ ಎಸಿ ತಂಪು ಮಾಡುತ್ತ ಒದ್ದಾಡುತ್ತಿರುತ್ತದೆ. ಇದನ್ನು ನಾವೂ ಮಾಡಿದ್ದೇವೆ, ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇವೆ. ಕಾರಿನ ಕೆಳಗೆ ತೊಟ್ಟಿಕ್ಕುವ ನೀರಿಗೆ ಹೆದರಬೇಡಿ, ಅದು ಎಸಿ ಕೆಲಸ ಮಾಡುತ್ತಿರುವ ಗುರುತು. ಆ ನೀರು ನಿಮ್ಮ ಕಾಲಡಿ ಬಂದರೆ ಮಾತ್ರ ಡ್ರೈನ್ ಪೈಪ್ ಕಟ್ಟಿದೆ.

ಕಂಡೆನ್ಸರ್ ತೊಳೆಯಲು ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಸಾದಾ ಪೈಪಿನ ನೀರು ಸಾಕು. ಸರ್ವಿಸ್ ಸ್ಟೇಷನ್‌ನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಅದರ ತೆಳು ಪಟ್ಟಿಗಳು ಮಡಚಿ ಇನ್ನಷ್ಟು ಗಾಳಿ ಕಟ್ಟುತ್ತದೆ. ಗ್ಯಾಸಿನ ವಾಲ್ವ್ ಮಾತ್ರ ಮುಟ್ಟಲೇಬೇಡಿ. ದ್ರವ ಕಣ್ಣಿಗೆ, ಕೈಗೆ ಸಿಡಿದರೆ ಅಲ್ಲೇ ಹೆಪ್ಪುಗಟ್ಟಿಸುತ್ತದೆ.

ನಮ್ಮ ಕಾರಿಗೆ ಫ್ಯಾನ್ ಮೋಟಾರ್ ಹಾಕಿಸಿ, ರಿಂಗ್ ಬದಲಿಸಿ, ತೂಕ ಮಾಡಿ ಗ್ಯಾಸ್ ತುಂಬಿಸಿದ್ದೇವೆ. ಹಿಂದಿನ ಎರಡು 'ರಿಪೇರಿ'ಗಳ ಒಟ್ಟು ಖರ್ಚಿಗಿಂತ ಸ್ವಲ್ಪ ಕಮ್ಮಿಯೇ ಆಯಿತು. ಹೊಸ ಕಾರಿನಷ್ಟು ತಂಪಿಲ್ಲ, ಆ ಆಸೆಯೂ ನಮಗಿಲ್ಲ. ಅದೇ ರೈಲ್ವೆ ಗೇಟಿನಲ್ಲಿ ಹೋದ ವಾರ ಮತ್ತೆ ನಿಂತಿದ್ದೆವು. ಗೂಡ್ಸ್ ಗಾಡಿ, ಮುಗಿಯಲೇ ಇಲ್ಲ. ಹಿಂದಿನಿಂದ ಆಯಿ ಕೂಗಿದರು: "ತಮ್ಮಾ, ಗಾಳಿ ಈ ಕಡಿ ಬ್ಯಾಡೋ, ಕಿವಿ ತಣ್ಣಗಾಗತಾವು."