ಬಿಗಿದ ತಿರುಪೂ ಸಡಿಲುವುದು

ಎನ್.ಸಿ.ಸಿ. ವಾಯುವಿಭಾಗಕ್ಕೆ ಸೇರಿದ ಹುಡುಗರಲ್ಲಿ ಹಲವರು ಮಾದರಿ ವಿಮಾನ ಕಟ್ಟುವ ಹವ್ಯಾಸವನ್ನು ಮನೆಗೂ ತರುತ್ತಾರೆ. ನಮ್ಮ ಅಕ್ಕನ ಮಗನೂ ಹಾಗೆಯೇ ಒಂದು ವಿಮಾನವನ್ನು ಕಟ್ಟಿ, ಎಂಜಿನ್ ಕೂರಿಸುವ ಕೆಲಸಕ್ಕೆ ನಮ್ಮನ್ನು ಕರೆದನು. ಎಂಜಿನಿನ ಮೌಂಟನ್ನು ನಾಲ್ಕು ಮರದ ತಿರುಪುಗಳಿಂದ ಪ್ಲೈವುಡ್ಡಿಗೆ ಬಲವಾಗಿ ಬಿಗಿದು, "ಇನ್ನು ಅಲುಗದು, ಹೋಗಪ್ಪ" ಎಂದೆವು. ಮೂರನೆಯ ಸಲ ಚಾಲೂ ಮಾಡಿದಾಗ ಎಂಜಿನ್ ಪಕ್ಕಕ್ಕೆ ವಾಲಿತು. ಪ್ರೊಪೆಲರ್ ನೆಲಕ್ಕೆ ಬಡಿದು ಮುರಿಯಿತು. ಒಂದು ಚೂರು ಹುಡುಗನ ಕಿವಿಯ ಪಕ್ಕದಲ್ಲಿಯೇ ಹಾದುಹೋಯಿತು. ಅವನಿಗೇನೂ ಆಗದಿದ್ದುದು ನಮ್ಮ ಪುಣ್ಯ. ತಪ್ಪು ಮಾತ್ರ ಪೂರ್ತಿಯಾಗಿ ನಮ್ಮದೇ. ಆದುದರಿಂದ ಈ ತಿಂಗಳು ಆ ವಿಷಯವನ್ನೇ ವಾಚಕರ ಮುಂದಿಡುತ್ತೇವೆ.

6.5 ಸಿ.ಸಿ.ಯ ಚಿಕ್ಕ ಗ್ಲೋ ಎಂಜಿನ್ ನಿಮಿಷಕ್ಕೆ 12,000 ಸುತ್ತು, ಎಂದರೆ ಸೆಕೆಂಡಿಗೆ 200 ಸುತ್ತು ತಿರುಗಬಲ್ಲುದು. ಆಗ 10 ಅಂಗುಲದ ಪ್ರೊಪೆಲರಿನ ತುದಿಯ ವೇಗ ಗಂಟೆಗೆ 550 ಕಿ.ಮೀ.ಗೂ ಮಿಗಿಲು. ಒಂದೇ ಸಿಲಿಂಡರಿನ ಎಂಜಿನಿನಲ್ಲಿ ಪಿಸ್ಟನ್ನಿನ ಓಡಾಟವನ್ನು ಪೂರ್ತಿಯಾಗಿ ಸರಿದೂಗಿಸಲಾಗದು. ಆ ನಡುಕ ತಿರುಪುಗಳನ್ನು ಸಡಿಲಿಸುತ್ತದೆ. ಇಂಧನವಾದ ಮೆಥನಾಲಿನಲ್ಲಿ ಹರಳೆಣ್ಣೆ ಬೆರೆಸುವುದು ಹಳೆಯ ವಾಡಿಕೆ. ಸುಡದೆ ಹೊರಬಿದ್ದ ಎಣ್ಣೆ ಮರದೊಳಗೆ ಇಳಿದು, ತಿರುಪಿನ ಹಿಡಿತವನ್ನು ಇನ್ನಷ್ಟು ಕೆಡಿಸುತ್ತದೆ.

ಹಾಗಾದರೆ ಮಾಡಬೇಕಾದುದೇನು? ವಿಮಾನದ ಮೂತಿಯಲ್ಲಿ 6 ಮಿ.ಮೀ. ದಪ್ಪದ ಒಳ್ಳೆಯ ಪ್ಲೈವುಡ್ ಇರಲಿ. ರಂಧ್ರಗಳನ್ನು ಕೊರೆದು, ಅವುಗಳ ಒಳಬದಿಗೂ ಎಪಾಕ್ಸಿ ಅಂಟನ್ನು ತೆಳುವಾಗಿ ಸವರಿದರೆ ಎಣ್ಣೆ ಇಳಿಯದು. ಮರದ ತಿರುಪುಗಳನ್ನು ಬಿಟ್ಟು ಬೋಲ್ಟುಗಳನ್ನೇ ಬಳಸಬೇಕು. ಪ್ಲೈವುಡ್ಡಿನ ಹಿಂಬದಿಯಿಂದ ಹಲ್ಲುಗಳು ಮರಕ್ಕೆ ನಾಟುವ ಬ್ಲೈಂಡ್ ನಟ್ಟುಗಳನ್ನು ಕೂರಿಸಬೇಕು.

ಅನಂತರ ಎಂಜಿನನ್ನು ಮೌಂಟಿನ ಮೇಲಿಟ್ಟು, ಅದರ ನಾಲ್ಕು ಕಿವಿಗಳ ಕೆಳಗೂ ತೆಳುವಾದ ಕಾಗದವನ್ನು ತೂರಿಸಿ ನೋಡಬೇಕು. ಒಂದು ಕಡೆ ಮಾತ್ರ ಕಾಗದ ನುಸುಳಿದರೆ ಮೌಂಟ್ ಸಮವಾಗಿಲ್ಲವೆಂದೇ ಅರ್ಥ. ಅಂತಹ ಪೀಠಕ್ಕೆ ಬಲವಂತವಾಗಿ ಬಿಗಿದರೆ ಎಂಜಿನಿನ ಒಡಲೇ ತಿರುಚಿಕೊಂಡು, ಒಳಗಿನ ದಂಡ ಬಿಗಿಯಾಗಿ ತಿರುಗುವುದು. ಬೋಲ್ಟುಗಳನ್ನು ಒಂದೇ ಸಲಕ್ಕೆ ಬಿಗಿಯದೆ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಮೌಂಟಿನ ಕೆಳಗೆ ನೈಲಾನ್ ಬಳೆಯುಳ್ಳ ನಟ್ಟುಗಳನ್ನು ಹಾಕುವುದು ಲೇಸು.

ಬ್ಲೈಂಡ್ ನಟ್ಟಿಗೆ ಹೋಗುವ ಬೋಲ್ಟಿನ ಎಣ್ಣೆಯನ್ನು ಒರೆಸಿ, ತುದಿಗೆ ಮೆದು ದರ್ಜೆಯ ತಿರುಪಂಟನ್ನು ಒಂದು ತೊಟ್ಟು ಹಾಕಬಹುದು. ಅಮೆರಿಕದ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಈ ಬಗೆಯ ಅಂಟು, ಗಾಳಿ ಸಿಗದ ಎಡೆಯಲ್ಲಿ ಲೋಹದ ಸ್ಪರ್ಶದಿಂದ ಗಟ್ಟಿಯಾಗುತ್ತದೆ. ಕೆಲವು ಪ್ಲಾಸ್ಟಿಕ್ಕುಗಳನ್ನು ಇದು ಬಿರಿಯಿಸುವುದರಿಂದ ಅವಕ್ಕೆ ತಾಗಿಸಬಾರದು. ಈಗ ಬಳಕೆಗೆ ಬಂದಿರುವ ವಿದ್ಯುತ್ ಮೋಟಾರುಗಳಲ್ಲಿ ಇನ್ನೊಂದು ಎಚ್ಚರ ಬೇಕು: ತಿರುಪು ಉದ್ದವಾದರೆ ಒಳಗಿನ ತಂತಿಸುರುಳಿಗೆ ತಗಲಿ ಮೋಟಾರು ಕೆಡುವುದು.

ಇಷ್ಟೆಲ್ಲ ಮಾಡಿದ ಮೇಲೂ ಕೆಲಸ ಮುಗಿಯಿತೆಂದು ತಿಳಿಯಬಾರದು. ಮೊದಲ ಓಟದ ಬಳಿಕ ಎಂಜಿನ್ ಆರಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಬೇಕು. ಅನಂತರ ಹಾರಿಸುವ ದಿನವೆಲ್ಲ ನೋಡಬೇಕು. ಎಂಜಿನ್ ಓಡುವಾಗ ಪ್ರೊಪೆಲರಿನ ಪಕ್ಕದ ನೇರಕ್ಕೆ ಯಾರೂ ನಿಲ್ಲಬಾರದು.

ಈಗ ನಮ್ಮ ಹುಡುಗನು ಮೈದಾನಕ್ಕೆ ಹೋದೊಡನೆ ಮೊದಲು ಸ್ಪ್ಯಾನರನ್ನು ಕೈಗೆತ್ತಿಕೊಳ್ಳುತ್ತಾನೆ. "ಮಾವ, ನೀವೂ ಒಮ್ಮೆ ನೋಡಿ" ಎನ್ನುತ್ತಾನೆ. ನಾವೂ ನೋಡುತ್ತೇವೆ, "ಇನ್ನು ಅಲುಗದು" ಎಂದು ಮಾತ್ರ ಹೇಳುವುದಿಲ್ಲ.