ಸೈರನ್ ಆಟಿಕೆಯಲ್ಲ

2017ರ ಏಪ್ರಿಲ್ 7ರ ತಡರಾತ್ರಿ ಅಮೆರಿಕದ ಡಲ್ಲಾಸ್ ನಗರದ 156 ಎಚ್ಚರಿಕೆ ಸೈರನ್‌ಗಳು ಮೊಳಗಿದವು. ಸುಂಟರಗಾಳಿಯೇನೂ ಬಂದಿರಲಿಲ್ಲ, ಯಾರೋ ರೇಡಿಯೊ ಸಂಕೇತ ಕಳಿಸಿ ಅವನ್ನು ಕೂಗಿಸಿದ್ದರು. ಗಾಬರಿಬಿದ್ದವರ ಸಾವಿರಾರು ಕರೆಗಳು 911 ಸಹಾಯವಾಣಿಗೆ ನುಗ್ಗಿದವು. ಜೀವ ಹೋಗುತ್ತಿರುವವರ ಕರೆಯೂ ಅದೇ ಸಾಲಿನಲ್ಲಿ ಕಾಯಬೇಕಲ್ಲವೇ? ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಸುಳ್ಳು ಸೈರನ್ ಕೇಳಿದವರು ನಿಜವಾದದ್ದು ಕೂಗಿದಾಗ ಅದನ್ನು ಕಡೆಗಣಿಸಬಹುದು. ಸಂಕೇತಗಳಿಗೆ ಗೂಢಲಿಪಿಯ ರಕ್ಷಣೆ ಕೊಡುವುದು ನಗರಾಡಳಿತದ ಹೊಣೆ. ಡಲ್ಲಾಸ್ ಆಮೇಲೆ ಅದನ್ನು ಮಾಡಿತು. ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ಒಳನುಗ್ಗಬಹುದೆಂದಲ್ಲ. ನೆರೆ, ಭೂಕಂಪಗಳಲ್ಲಿ ನೆರವಾಗಿ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊ ಬಳಕೆದಾರರು, ಗಳಿಸಿದ ಗೌರವ ದೊಡ್ಡದು. ಹವ್ಯಾಸಿ ಗೆಳೆಯರೇ, ಆ ಗೌರವ ಉಳಿಯಬೇಕಾದರೆ ಸೈರನ್ ಸಂಕೇತವನ್ನು ಹಿಡಿದು ಮರುಪ್ರಸಾರ ಮಾಡಬೇಡಿ. ಲೋಪ ಕಂಡರೆ ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಿ.