ಬದುಕಿರುವ ತಂತ್ರಾಂಶಕ್ಕೆ ತಿಥಿ ಮಾಡಬೇಡಿ



ಕಳೆದ ಯುಗಾದಿಗೆ ಓಕಳಿಪುರಂನ ನಮ್ಮ ಮನೆಗೆ ಬಂದಿದ್ದ ತಮ್ಮನ ಮಗ, ಅಟ್ಟವನ್ನು ಸ್ವಚ್ಛಗೊಳಿಸುವ ಉತ್ಸಾಹದಲ್ಲಿ ನನ್ನ ಫ್ಲಾಪಿಗಳ ಡಬ್ಬಿಯನ್ನು ರದ್ದಿ ಕಾಗದದ ಕಟ್ಟಿನ ಮೇಲೆ ಇಟ್ಟುಬಿಟ್ಟಿದ್ದ. ಗದರಿಸಿದೆ. "ದೊಡ್ಡಪ್ಪ, ಇದೆಲ್ಲ ಡಾಸ್ ಕಾಲದ್ದು. ಆ ಪ್ರೋಗ್ರಾಂ ಸತ್ತು ಎಷ್ಟೋ ವರ್ಷ ಆಯ್ತು. ಬೇಕಾದ್ರೆ ಡೇಟಾ ಮಾತ್ರ ಕಾಪಿ ಮಾಡ್ಕೊಡ್ತೀನಿ" ಎಂದ. ಹುಡುಗ ಬುದ್ಧಿವಂತ, ಒಳ್ಳೆಯ ಸಂಬಳದವನು. ಆದರೂ ಅವನ ಮಾತು ತಪ್ಪು. ಅವನೊಬ್ಬನದೇ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ. ಗಣಕವನ್ನು ಬಲ್ಲವರೆಂದು ಹೇಳಿಕೊಳ್ಳುವ ಎಲ್ಲರ ಬಾಯಲ್ಲೂ ಈಗ ಇದೇ ಮಾತು. ಆದುದರಿಂದ ಬರೆಯುತ್ತಿದ್ದೇನೆ.

1990ರ ಸುಮಾರಿಗೆ ನಮ್ಮ ಶಾಲೆಗೆ ಒಂದು ಗಣಕಯಂತ್ರ ಬಂದಿತೆಂಬುದು ನಿಮ್ಮಲ್ಲಿ ಹಲವರಿಗೆ ನೆನಪಿದ್ದೀತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು, ಗರ್ಭಗುಡಿಗೆ ಹೋದಂತೆ. ಚಿತ್ರವಿಲ್ಲ, ಮೌಸ್ ಇಲ್ಲ. ಕಪ್ಪು ಪರದೆಯ ಮೇಲೆ ಆಜ್ಞೆಯನ್ನು ಅಕ್ಷರಕ್ಷರವಾಗಿ ಒತ್ತಿ ಕೆಲಸ ತೆಗೆಯಬೇಕು. ಡಾಸ್ ಜೊತೆಗೇ ಜಿಡಬ್ಲ್ಯೂ-ಬೇಸಿಕ್ ಎಂಬ ಭಾಷೆ ಬರುತ್ತಿತ್ತು. ಗಣಿತದ ಮೇಷ್ಟ್ರಾದ ನಾನು ಅದರಲ್ಲಿ ದಾಖಲಾತಿ ಮತ್ತು ಅಂಕಪಟ್ಟಿಯ ತಂತ್ರಾಂಶವೊಂದನ್ನು ಬರೆದೆ. ಡಾಟ್ ಮ್ಯಾಟ್ರಿಕ್ಸ್ ಮುದ್ರಕದಿಂದ ಕಿರುಗುಟ್ಟುತ್ತ ಹೊರಬರುತ್ತಿದ್ದ ನಿಮ್ಮ ಅಂಕಪಟ್ಟಿಗಳು ಅದರ ಕೂಸುಗಳು.

ಕಳೆದ ಶ್ರಾವಣದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಜನ್ಮದಿನಾಂಕದ ತಗಾದೆಯೊಂದರಲ್ಲಿ ಆಕೆಗೆ ವ್ಯಾಸಂಗ ಪ್ರಮಾಣಪತ್ರ ಬೇಕಾಗಿತ್ತು. ಶಾಲೆಯ ಕೆಳಗಿನ ಕೋಣೆಗೆ ಯಾವುದೋ ಮಳೆಗಾಲದಲ್ಲಿ ನೀರು ನುಗ್ಗಿ ರಿಜಿಸ್ಟರುಗಳ ಸೂಚಿ ಹಾಳಾಗಿದೆ. "ದಾಖಲಾತಿ ಸಂಖ್ಯೆ ಹೇಳಿದರೆ ಹುಡುಕಿಕೊಡುತ್ತೇವೆ" ಎಂದು ಕಚೇರಿಯವರು ಹೇಳಿದರಂತೆ. ಮೂವತ್ತು ವರ್ಷದ ಹಿಂದಿನ ದಾಖಲಾತಿ ಸಂಖ್ಯೆ ಯಾರಿಗೆ ನೆನಪಿರುತ್ತದೆ? "ಸಾರ್, ನೀವು ಕಂಪ್ಯೂಟರಲ್ಲಿ ಬರ್ಕೊಂಡಿದ್ರಲ್ಲ?" ಎಂದಳು.

ತಮ್ಮನ ಮಗ ಎಸ್.ಪಿ. ರಸ್ತೆಯಿಂದ ಫ್ಲಾಪಿ ಓದುವ ಯುಎಸ್‌ಬಿ ಸಾಧನ ತಂದು, ತಾನು ಹೇಳಿದ್ದ 'ಡೇಟಾ'ವನ್ನು ನಕಲು ಮಾಡಿಕೊಟ್ಟ. ತೆರೆದು ನೋಡಿದರೆ ಹುಡುಗಿಯ ಹೆಸರು ರೋಮನ್ ಅಕ್ಷರದಲ್ಲಿ ಸ್ಪಷ್ಟವಾಗಿದೆ. (ಕನ್ನಡ ಮಾಧ್ಯಮದ ಮಕ್ಕಳ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದ ನಾಚಿಕೆ ನನಗೆ ಇಂದಿಗೂ ಇದೆ.) ಅದರ ಮುಂದೆ ಮಾತ್ರ ಗೆದ್ದಲು ತಿಂದ ಓಲೆಗರಿಯಂತಹ ವಿಚಿತ್ರ ಚಿಹ್ನೆಗಳು. ಏಕೆಂದರೆ ಫ್ಲಾಪಿಯಲ್ಲಿ ಜಾಗ ಉಳಿಸಲೆಂದು ನಾನು ಸಂಖ್ಯೆಗಳನ್ನು ಅಂಕಿಗಳಾಗಿ ಬರೆದಿರಲಿಲ್ಲ. ದಾಖಲಾತಿ ಸಂಖ್ಯೆ ಎರಡು ಬೈಟುಗಳಲ್ಲಿ, ಜನ್ಮದಿನಾಂಕ ನಾಲ್ಕು ಬೈಟುಗಳಲ್ಲಿ ಅಡಗಿದ್ದವು. ಆ ನಾಲ್ಕು ಬೈಟುಗಳಾದರೋ ಮೈಕ್ರೋಸಾಫ್ಟಿನ ಹಳೆಯ ಸ್ವಂತ ಪದ್ಧತಿಯವು. 1985ರಲ್ಲಿ ಒಪ್ಪಿತವಾಗಿ ಇಂದು ಎಲ್ಲೆಡೆ ಬಳಕೆಯಲ್ಲಿರುವ ಮಾನಕದಂತೆ ಓದಿದರೆ ಅಸಂಬದ್ಧ ಉತ್ತರ ಬರುತ್ತದೆ. ಯಾವ ಬೈಟು ಯಾವುದರದೆಂದು ಬಲ್ಲದ್ದು ನನ್ನ ತಂತ್ರಾಂಶದ ಒಂದೇ ಒಂದು ಸಾಲು. ಆ ತಂತ್ರಾಂಶದ ಕಡತವೂ ಹಾಗೆಯೇ: ಜಿಡಬ್ಲ್ಯೂ-ಬೇಸಿಕ್ ತಾನಾಗಿ ಉಳಿಸುವಾಗ 'ಪ್ರಿಂಟ್' ಎಂಬ ಪದಕ್ಕೆ ಬದಲು 145 ಎಂಬ ಒಂದು ಬೈಟನ್ನಿಡುತ್ತದೆ. ಉಳಿಸುವಾಗ ಕೊನೆಯಲ್ಲಿ ಅಲ್ಪವಿರಾಮ ಮತ್ತು 'ಎ' ಒತ್ತಿದ್ದರೆ ಓದುವಂತೆ ಉಳಿಯುತ್ತಿತ್ತು. ಒತ್ತಲಿಲ್ಲ.

ಡಾಸ್‌ನ ಹದಿನಾರು ಬಿಟ್ ತಂತ್ರಾಂಶಗಳನ್ನು ಅರವತ್ತನಾಲ್ಕು ಬಿಟ್ ವಿಂಡೋಸ್ ನಡೆಸುವುದಿಲ್ಲ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಬೇರೆ ರೂಪವೇ ಇಲ್ಲ. ನಮ್ಮನ್ನು ಕಾಪಾಡಿದ್ದು ಪಿಸಿ-ಬೇಸಿಕ್. ರಾಬ್ ಹೇಗ್‌ಮನ್ಸ್ ಎಂಬವರು ಜಿಡಬ್ಲ್ಯೂ-ಬೇಸಿಕ್‌ನ ನಡವಳಿಕೆಯನ್ನು, ಅದರ ಹಳೆಯ ಸಂಖ್ಯಾಪದ್ಧತಿಯೂ ಸೇರಿದಂತೆ, ಪೈಥಾನ್ ಭಾಷೆಯಲ್ಲಿ ಹೊಸದಾಗಿ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. ಮೈಕ್ರೋಸಾಫ್ಟ್ 2020ರ ಮೇ ತಿಂಗಳಲ್ಲಿ ಜಿಡಬ್ಲ್ಯೂ-ಬೇಸಿಕ್‌ನ ಮೂಲಸಂಕೇತವನ್ನು ಬಿಡುಗಡೆ ಮಾಡುವುದಕ್ಕೂ ಮೊದಲೇ ಮಾಡಿದ ಕೆಲಸವಿದು. ತಮ್ಮನ ಮಗನ ಹೊಸ ಲ್ಯಾಪ್‌ಟಾಪಿನಲ್ಲಿ ನನ್ನ ಕಪ್ಪು ಪರದೆ ತೆರೆದುಕೊಂಡಿತು. ಹೆಸರು ಒತ್ತಿದೆ. ದಾಖಲಾತಿ ಸಂಖ್ಯೆ ಬಂತು. ಮರುವಾರ ಕಚೇರಿಯಲ್ಲಿ ರಿಜಿಸ್ಟರಿನ ಪುಟವೂ ಸಿಕ್ಕಿತು.

"ಅಷ್ಟೇ ತಾನೆ? ಬೈಟುಗಳ ಅರ್ಥವನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ ಸಾಕಾಗುತ್ತಿತ್ತು" ಎಂದು ಹುಡುಗ ಮತ್ತೆ ವಾದಿಸಿದ. ಸಾಕಾಗುತ್ತಿರಲಿಲ್ಲ. ನನ್ನ ತಂತ್ರಾಂಶದಲ್ಲಿ ಇನ್ನೊಂದು ಸಾಲಿದೆ: ಅಂಕ 33 ಅಥವಾ 34 ಇದ್ದರೆ ಮುದ್ರಿಸುವಾಗ 35 ಮಾಡು. ಕಡತದಲ್ಲಿ 33 ಹಾಗೆಯೇ ಉಳಿದಿದೆ. ಮಗುವಿನ ಕೈಗೆ ಹೋದ ಕಾಗದದಲ್ಲಿ 35. ಬರೀ ದತ್ತಾಂಶ ನೋಡಿದವರು ಆ ಮಗುವನ್ನು ನಪಾಸು ಎನ್ನುತ್ತಾರೆ, ಅಥವಾ ಮೇಷ್ಟ್ರು ಕಳ್ಳ ಎನ್ನುತ್ತಾರೆ. ಶಿಕ್ಷಕರ ಸಭೆಯಲ್ಲಿ ಕೂತು, ವಾದಿಸಿ, ಕೃಪಾಂಕ ಕೊಡೋಣವೆಂದು ತೀರ್ಮಾನಿಸಿದ್ದು ದತ್ತಾಂಶದಲ್ಲಿ ಇಲ್ಲ, ತಂತ್ರಾಂಶದಲ್ಲಿದೆ. ಆ ಮಕ್ಕಳು ಯಾರೆಂದು ಇಲ್ಲಿ ಹೇಳಲಾರೆ. ಒಬ್ಬರು ಈಗ ಚಾರ್ಟರ್ಡ್ ಅಕೌಂಟೆಂಟ್.

ಇನ್ನು ಕನ್ನಡದ ಕಥೆ. ಇಂಗ್ಲಿಷಿನ ಹಳೆಯ ತಂತ್ರಾಂಶವನ್ನು ಎಬ್ಬಿಸಲು ಡಾಸ್‌ಬಾಕ್ಸ್‌ನಂತಹ ಅನುಕರಣ ಸಾಧನಗಳು ಸಾಕು. ಡಾಸ್ ಕಾಲದ ಕನ್ನಡಕ್ಕೆ ಅದು ಸಾಲದು. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡಿನಲ್ಲಿ ಕನ್ನಡವಿದ್ದದ್ದು ಗಣಕದೊಳಗೆ ಸಿಕ್ಕಿಸುವ ಆ ಹಲಗೆಯಲ್ಲಿ. ಹಲಗೆ ಗುಜರಿಗೆ ಹೋದರೆ ಅಕ್ಷರವೂ ಹೋಯಿತು. ಪುಣ್ಯಕ್ಕೆ ಅದು ಬಳಸಿದ ಇಸ್ಕಿ ಸಂಕೇತಕ್ಕೆ 1991ರ ಭಾರತೀಯ ಮಾನಕವಿದೆ. ಯೂನಿಕೋಡಿನ ಕನ್ನಡ ವಿಭಾಗವೂ ಇಸ್ಕಿಯ 1988ರ ರೂಪದ ಮೇಲೆಯೇ ನಿಂತಿದೆ. ವಿಂಡೋಸ್ ಕೂಡ ಇಸ್ಕಿ ಕನ್ನಡಕ್ಕೆ 57008 ಎಂಬ ಸಂಖ್ಯೆ ಕೊಟ್ಟಿದೆ. ಹಾಗಾಗಿ ಆ ಬರಹಗಳನ್ನು ಇಂದಿಗೂ ಓದಬಹುದು. ತಮ್ಮದೇ ಗುಟ್ಟಿನ ಸಂಕೇತ ಮಾಡಿಕೊಂಡ ತಂತ್ರಾಂಶಗಳಲ್ಲಿ ಬರೆದವರ ಗತಿಯೇನು? ಅನಂತರ ಬಂದ ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದದ್ದೂ ಆ ಶೈಲಿ ಇಲ್ಲದ ಗಣಕದಲ್ಲಿ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ. ಅದನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಬರೆದು ಮುಕ್ತವಾಗಿ ಹಂಚಿದವರಲ್ಲಿ ಸ್ವಂತ ವೇಳೆ ಖರ್ಚು ಮಾಡಿದ ಕನ್ನಡದ ಹುಡುಗರಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ಆದುದರಿಂದ ಹಳೆಯ ಕನ್ನಡ ತಂತ್ರಾಂಶಗಳ ಹಕ್ಕುದಾರರನ್ನು ಕೇಳುತ್ತೇನೆ: ಯಾರೂ ಕೊಳ್ಳದ ಸರಕಿನ ಕೋಣೆಗೆ ಬೀಗವೇಕೆ? ಲಾಭಕ್ಕೆಂದೇ ನಡೆಯುವ ಮೈಕ್ರೋಸಾಫ್ಟ್ 2024ರಲ್ಲಿ ಡಾಸ್ 4.0 ಆವೃತ್ತಿಯ ಮೂಲಸಂಕೇತವನ್ನು ಲೋಕಕ್ಕೆ ಕೊಟ್ಟಿತು. ಅದೇ ವರ್ಷ ಕೆನಡಾದ ಕಾದಂಬರಿಕಾರ ರಾಬರ್ಟ್ ಸಾಯರ್, ತಾವು ಜೀವನವಿಡೀ ಬರೆದ ವರ್ಡ್‌ಸ್ಟಾರನ್ನು ಇಂದಿನ ಗಣಕದಲ್ಲಿ ನಡೆಯುವಂತೆ, ಕೈಪಿಡಿಗಳ ಸಹಿತ, ಸಜ್ಜುಗೊಳಿಸಿ ಹಂಚಿದರು. ನವೆಂಬರ್ ಬಂದರೆ ಮೈಕಿನ ಮುಂದೆ ಕನ್ನಡಸೇವೆಯ ಮಾತಾಡುವ ನಮಗೆ ಅಡ್ಡಿಯೇನು? ಸಂಕೇತದಲ್ಲಿ ತಪ್ಪುಗಳಿವೆ, ಕಂಡವರು ನಗುತ್ತಾರೆ ಎಂಬ ಸಂಕೋಚವೇ? ನನ್ನ ತಂತ್ರಾಂಶವನ್ನು ನೋಡಿ ತಮ್ಮನ ಮಗ ಅರ್ಧ ಗಂಟೆ ನಕ್ಕ. ಗೋಟೂಗಳು ಮೆಜೆಸ್ಟಿಕ್ಕಿನ ಬಸ್ಸುಗಳಂತೆ ಎಲ್ಲಿಂದೆಲ್ಲಿಗೋ ನುಗ್ಗುತ್ತವೆಯಂತೆ. ನಗಲಿ. ನಕ್ಕವನೇ ಈಗ ಅದನ್ನು ಓದಬಲ್ಲ ರೂಪಕ್ಕೆ ತಂದು, ಕೃಪಾಂಕದ ಸಾಲಿನ ಪಕ್ಕದಲ್ಲಿ ಕನ್ನಡದಲ್ಲಿ ಟಿಪ್ಪಣಿ ಬರೆದಿಟ್ಟಿದ್ದಾನೆ.

ನಿಮ್ಮ ಅಟ್ಟದ ಮೇಲೆ ಮೂರೂವರೆ ಅಂಗುಲದ ಫ್ಲಾಪಿಗಳಿದ್ದರೆ ರದ್ದಿಗೆ ಹಾಕುವ ಮುನ್ನ ಇಲ್ಲಿಗೆ ತನ್ನಿ. ಓದುವ ಸಾಧನ ನನ್ನ ಬಳಿಯೇ ಇದೆ. ಮನೆಯ ಗುರುತು ಬದಲಾಗಿಲ್ಲ, ರೈಲು ಹೋದಾಗ ಕಿಟಕಿ ಅದುರುವುದೂ ನಿಂತಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಲಗಿರುತ್ತೇನೆ, ಆಮೇಲೆ ಬನ್ನಿ.